ಕೋಲ್ಡ್ ಸ್ಪ್ರಿಂಗ್ ಹಾರ್ಬರ್‌ನ ಬೇಸಿಗೆ ಪಾಠಗಳು

ಬೇಸಿಗೆ ರಜೆಯಲ್ಲಿ ಶಾಲಾ ಶಿಕ್ಷಕರನ್ನು ಪ್ರಯೋಗಾಲಯಕ್ಕೆ ಕರೆಸಿ ಜೀವವಿಜ್ಞಾನ ಕಲಿಸುವ ಪದ್ಧತಿ ಅಮೆರಿಕದಲ್ಲಿ ನೂರೈವತ್ತು ವರ್ಷಗಳಷ್ಟು ಹಳೆಯದು. 1873ರ ಜುಲೈನಲ್ಲಿ ಹಾರ್ವರ್ಡ್‌ನ ಪ್ರಾಣಿಶಾಸ್ತ್ರಜ್ಞ ಲೂಯಿ ಅಗಾಸಿ ಮ್ಯಾಸಚೂಸೆಟ್ಸ್ ಕರಾವಳಿಗೆ ಸಮೀಪದ ಪೆನಿಕೀಸ್ ಎಂಬ ಪುಟ್ಟ ದ್ವೀಪದಲ್ಲಿ ಸುಮಾರು 50 ಮಂದಿ ಶಿಕ್ಷಕ ಶಿಕ್ಷಕಿಯರನ್ನು ಕೂಡಿಸಿದರು. ದ್ವೀಪವನ್ನೂ 50,000 ಡಾಲರನ್ನೂ ಕೊಟ್ಟವರು ನ್ಯೂಯಾರ್ಕಿನ ತಂಬಾಕು ವ್ಯಾಪಾರಿ ಜಾನ್ ಆಂಡರ್ಸನ್. ಪುಸ್ತಕ ಮುಚ್ಚಿಟ್ಟು, ಮೀನನ್ನೇ ಕೈಗೆತ್ತಿಕೊಂಡು ಮೀನಿನ ಪಾಠ ಕಲಿಯಬೇಕು ಎಂಬುದು ಅಗಾಸಿಯವರ ಹಟ. ಅದೇ ಡಿಸೆಂಬರಿನಲ್ಲಿ ಅವರು ತೀರಿಕೊಂಡರು. ಮಗ ಅಲೆಕ್ಸಾಂಡರ್ ಇನ್ನೊಂದು ಬೇಸಿಗೆ ನಡೆಸಿದ ಮೇಲೆ ಶಾಲೆ ಮುಚ್ಚಿತು. ಆದರೆ ಮಾದರಿ ಉಳಿಯಿತು. 1888ರಲ್ಲಿ ವುಡ್ಸ್ ಹೋಲ್‌ನಲ್ಲಿ, 1890ರಲ್ಲಿ ಕೋಲ್ಡ್ ಸ್ಪ್ರಿಂಗ್ ಹಾರ್ಬರ್‌ನಲ್ಲಿ ಅದು ಬೇರೂರಿತು. ಜೈವಿಕ ತಂತ್ರಜ್ಞಾನದ ಪಾಠದ ಜೊತೆಗೆ ನೀತಿಯ ಪಾಠವೂ ಏಕೆ ಬೇಕಾಯಿತು ಎಂಬುದನ್ನು ತಿಳಿಯಲು ಈ ಎರಡನೆಯ ಊರಿನ ಚರಿತ್ರೆಯೊಂದೇ ಸಾಕು.

ಕೋಲ್ಡ್ ಸ್ಪ್ರಿಂಗ್ ಹಾರ್ಬರ್ ಇರುವುದು ನ್ಯೂಯಾರ್ಕ್ ನಗರದ ಪೂರ್ವಕ್ಕೆ, ಲಾಂಗ್ ಐಲೆಂಡಿನ ಉತ್ತರ ದಂಡೆಯಲ್ಲಿ. ಹತ್ತೊಂಬತ್ತನೇ ಶತಮಾನದ ಮಧ್ಯದವರೆಗೂ ಇಲ್ಲಿಂದ ತಿಮಿಂಗಿಲ ಬೇಟೆಯ ಹಡಗುಗಳು ಹೊರಡುತ್ತಿದ್ದವು. ಆ ಕಸುಬು ಸತ್ತ ಮೇಲೆ ಸರ್ಕಾರದ ಮೀನುಮರಿ ಕೇಂದ್ರವೊಂದು ಬಂತು. ಬ್ರೂಕ್ಲಿನ್ ಕಲೆ ಮತ್ತು ವಿಜ್ಞಾನ ಸಂಸ್ಥೆ 1890ರ ಬೇಸಿಗೆಯಲ್ಲಿ ಜೀವವಿಜ್ಞಾನ ತರಗತಿಗಳನ್ನು ತೆರೆದದ್ದು ಆ ಮೀನುಮರಿ ಕೇಂದ್ರದ ಆಶ್ರಯದಲ್ಲೇ. ಬಂದವರಲ್ಲಿ ಹೈಸ್ಕೂಲು, ಕಾಲೇಜುಗಳ ಅಧ್ಯಾಪಕರೇ ಮುಖ್ಯ. ಊರಿನ ಜೋನ್ಸ್ ಕುಟುಂಬದ ನೆರವಿನಿಂದ 1893ರಲ್ಲಿ ಸ್ವಂತ ಪ್ರಯೋಗಾಲಯದ ಕಟ್ಟಡ ಎದ್ದಿತು. ಮರದ ಆ ಕಟ್ಟಡ ಜೋನ್ಸ್ ಲ್ಯಾಬೊರೇಟರಿ ಎಂಬ ಹೆಸರಿನಲ್ಲಿ ಇವತ್ತಿಗೂ ಕೊಲ್ಲಿಯ ಅಂಚಿನಲ್ಲಿ ನಿಂತಿದೆ. ಹಗಲು ಕೆಸರಿನಲ್ಲಿ ಏಡಿ, ಚಿಪ್ಪು ಹೆಕ್ಕುವುದು, ಆಮೇಲೆ ಸೂಕ್ಷ್ಮದರ್ಶಕದ ಮುಂದೆ ಕೂರುವುದು, ಶರತ್ಕಾಲದಲ್ಲಿ ಶಾಲೆ ತೆರೆದಾಗ ಕಲಿತದ್ದನ್ನು ಮಕ್ಕಳ ಮುಂದೆ ಇಡುವುದು: ಇಷ್ಟೇ ಆಗಿನ ತರಬೇತಿ.

ಚಾರ್ಲ್ಸ್ ಡೇವನ್‌ಪೋರ್ಟ್ 1898ರಲ್ಲಿ ಇಲ್ಲಿನ ನಿರ್ದೇಶಕರಾದರು. ಎರಡು ವರ್ಷಗಳಲ್ಲಿ ಮೆಂಡೆಲ್‌ನ ಬಟಾಣಿ ನಿಯಮಗಳು ಯೂರೋಪಿನಲ್ಲಿ ಮತ್ತೆ ಬೆಳಕಿಗೆ ಬಂದವು. ಡೇವನ್‌ಪೋರ್ಟ್ ಅವುಗಳಿಗೆ ಮನಸೋತು, ಕಾರ್ನೆಗಿ ಸಂಸ್ಥೆಯ ಹಣದಿಂದ 1904ರಲ್ಲಿ ಪ್ರಾಯೋಗಿಕ ವಿಕಾಸ ಕೇಂದ್ರವನ್ನು ತೆರೆದರು. ಕೋಳಿ, ಸಸ್ಯಗಳ ಅನುವಂಶೀಯತೆಯ ಮೇಲೆ ಅಲ್ಲಿ ಒಳ್ಳೆಯ ಕೆಲಸವೇ ನಡೆಯಿತು. ಕೋಳಿಯ ಜುಟ್ಟಿಗೆ ಅನ್ವಯಿಸಿದ ನಿಯಮವನ್ನು ಮನುಷ್ಯನ ಬಡತನಕ್ಕೆ, ಕುಡಿತಕ್ಕೆ, ಅಲೆಮಾರಿತನಕ್ಕೆ ಅನ್ವಯಿಸಿದಾಗ ದಾರಿ ತಪ್ಪಿತು. 1910ರಲ್ಲಿ ರೈಲ್ವೆ ಧನಿಕ ಹ್ಯಾರಿಮನ್ನರ ವಿಧವೆ ಕೊಟ್ಟ ಹಣದಿಂದ, ‘ಯೋಗ್ಯ’ರ ಸಂತಾನ ಹೆಚ್ಚಿಸಿ ‘ಅಯೋಗ್ಯ’ರದನ್ನು ತಗ್ಗಿಸಬೇಕೆಂಬ ವಾದವನ್ನು ನೆಚ್ಚಿದ ಸುಪ್ರಜನನ ದಾಖಲೆ ಕಚೇರಿ ಶುರುವಾಯಿತು. ಅದರ ಮೇಲ್ವಿಚಾರಕರಾದ ಹ್ಯಾರಿ ಲಾಫ್ಲಿನ್ ಅದಕ್ಕೆ ಮುಂಚೆ ಶಾಲಾ ಶಿಕ್ಷಕರಾಗಿದ್ದವರು.

ಈ ಕಚೇರಿಯೂ ಬೇಸಿಗೆ ತರಬೇತಿಯನ್ನೇ ನಡೆಸಿತು. 1910ರಿಂದ 1924ರವರೆಗೆ ಸುಮಾರು 250 ಮಂದಿ ಕ್ಷೇತ್ರ ಕಾರ್ಯಕರ್ತರು ಇಲ್ಲಿ ತಯಾರಾದರು. ಹೆಚ್ಚಿನವರು ಆಗಷ್ಟೇ ಕಾಲೇಜು ಮುಗಿಸಿದ ಯುವತಿಯರು. ಕೆಲವು ವಾರಗಳ ಕಾಲ ಉಪನ್ಯಾಸ ಕೇಳಿ, ವಂಶಾವಳಿ ಬರೆಯುವುದನ್ನು ಕಲಿತು, ಹತ್ತಿರದ ಮಾನಸಿಕ ಚಿಕಿತ್ಸಾಲಯಗಳಲ್ಲಿ ಅಭ್ಯಾಸ ಮಾಡಿ ಅವರು ಊರೂರಿಗೆ ಹೊರಡುತ್ತಿದ್ದರು. ಅವರ ವಂಶಾವಳಿ ಪಟದಲ್ಲಿ ಗಂಡಸಿಗೆ ಚೌಕ, ಹೆಂಗಸಿಗೆ ವೃತ್ತ. ಒಳಗೆ ಒಂದು ಅಕ್ಷರ: ಮಂದಬುದ್ಧಿಗೆ ಎಫ್, ಮೂರ್ಛೆರೋಗಕ್ಕೆ ಇ, ಕುಡುಕನಿಗೆ ಎ, ಯಾವ ದೋಷವೂ ಇಲ್ಲದವರಿಗೆ ಎನ್. ಸತ್ತು ಹೋದ ಅಜ್ಜನ ಬುದ್ಧಿಮಟ್ಟವನ್ನು ನೆರೆಮನೆಯವರ ಮಾತು ಕೇಳಿ ತೀರ್ಮಾನಿಸಿ ಅಕ್ಷರ ಬರೆದದ್ದೂ ಉಂಟು. ನೌಕಾಧಿಕಾರಿಗಳ ಮನೆತನಗಳಲ್ಲಿ ಕಂಡುಬರುವ ಸಮುದ್ರದ ಮೋಹವೂ ಅನುವಂಶೀಯ ಗುಣ ಎಂದು ಡೇವನ್‌ಪೋರ್ಟ್ ಬರೆದರು. ತಂದೆಯ ಜೊತೆ ಹಡಗು ಹತ್ತಿದ ಮಗ ಸಮುದ್ರವನ್ನು ನೋಡಿಯೇ ಬೆಳೆದ ಎಂಬ ಸರಳ ಮಾತನ್ನು ಆ ಪಟಗಳು ದಾಖಲಿಸಲಿಲ್ಲ.

ಇದು ಪಟಗಳಲ್ಲೇ ಉಳಿದಿದ್ದರೆ ಅಷ್ಟು ಹಾನಿ ಆಗುತ್ತಿರಲಿಲ್ಲ. ಲಾಫ್ಲಿನ್ ಒಂದು ಮಾದರಿ ಕಾಯ್ದೆ ಬರೆದರು; ‘ಅಯೋಗ್ಯ’ರೆಂದು ತೀರ್ಮಾನವಾದವರಿಗೆ ಒತ್ತಾಯದಿಂದ ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿಸುವ ಕಾಯ್ದೆ ಅದು. ವರ್ಜೀನಿಯಾ ರಾಜ್ಯ ಅದೇ ಧಾಟಿಯಲ್ಲಿ ಕಾನೂನು ಮಾಡಿ, ಕ್ಯಾರಿ ಬಕ್ ಎಂಬ ಹದಿಹರೆಯದ ಬಡ ಹುಡುಗಿಯನ್ನು ಮೊದಲ ಪ್ರಕರಣವಾಗಿ ನ್ಯಾಯಾಲಯಕ್ಕೆ ತಂದಿತು. ತಾಯಿ, ಮಗಳು, ಮೊಮ್ಮಗಳು ಮೂವರೂ ಮಂದಬುದ್ಧಿಯವರು ಎಂಬುದು ವಾದ. ಕೋಲ್ಡ್ ಸ್ಪ್ರಿಂಗ್ ಹಾರ್ಬರ್‌ನಿಂದ ಹೋದ ಆರ್ಥರ್ ಎಸ್ಟಾಬ್ರುಕ್ ಇನ್ನೂ ವರ್ಷ ತುಂಬದ ಕೂಸನ್ನು ಪರೀಕ್ಷಿಸಿ, ಅದು ಸರಾಸರಿಗಿಂತ ಕೆಳಗಿದೆ ಎಂದು ಸಾಕ್ಷ್ಯ ನುಡಿದರು. 1927ರಲ್ಲಿ ಸುಪ್ರೀಂ ಕೋರ್ಟ್ 8–1ರ ಬಹುಮತದಿಂದ ಕಾನೂನನ್ನು ಎತ್ತಿಹಿಡಿಯಿತು, ಕ್ಯಾರಿಗೆ ಶಸ್ತ್ರಚಿಕಿತ್ಸೆ ಆಯಿತು. ಆ ಕೂಸು ವಿವಿಯನ್ ಬೆಳೆದು ಶಾಲೆಗೆ ಸೇರಿದಳು. 1931ರಲ್ಲಿ ಅವಳ ಹೆಸರು ತರಗತಿಯ ಜಾಣ ಮಕ್ಕಳ ಪಟ್ಟಿಯಲ್ಲಿತ್ತು. ಮರುವರ್ಷ, ಎಂಟನೆಯ ವಯಸ್ಸಿನಲ್ಲಿ, ಕಾಯಿಲೆಯಿಂದ ತೀರಿಕೊಂಡಳು. ಪರಿಣತರ ಸಾಕ್ಷ್ಯಕ್ಕಿಂತ ಊರಿನ ಶಾಲೆಯ ಹಾಜರಿ ಪುಸ್ತಕ ಆ ಮಗುವನ್ನು ಚೆನ್ನಾಗಿ ಬಲ್ಲುದಾಗಿತ್ತು. ಇಂಥ ಕಾನೂನುಗಳ ಅಡಿಯಲ್ಲಿ ಅಮೆರಿಕದಲ್ಲಿ 60,000ಕ್ಕೂ ಹೆಚ್ಚು ಜನರಿಗೆ ಶಸ್ತ್ರಚಿಕಿತ್ಸೆ ಆಯಿತು. ಜರ್ಮನಿಯ ನಾಜಿ ಸರ್ಕಾರದ 1933ರ ಕಾನೂನಿಗೂ ಲಾಫ್ಲಿನ್ನರ ಮಾದರಿಗೂ ಸ್ಪಷ್ಟ ಹೋಲಿಕೆ ಇದೆ.

ಶಾಲೆಗಳೂ ಈ ಪ್ರವಾಹದಿಂದ ಹೊರಗೆ ಉಳಿಯಲಿಲ್ಲ. ಜಾರ್ಜ್ ವಿಲಿಯಂ ಹಂಟರ್ ಬರೆದ ‘ಎ ಸಿವಿಕ್ ಬಯಾಲಜಿ’ 1914ರಿಂದ ಹೈಸ್ಕೂಲುಗಳಲ್ಲಿ ವ್ಯಾಪಕವಾಗಿ ನಡೆದ ಪಠ್ಯಪುಸ್ತಕ. ವಿಕಾಸವಾದ ಕಲಿಸಿದ್ದಕ್ಕಾಗಿ 1925ರಲ್ಲಿ ಟೆನೆಸ್ಸಿಯ ಶಿಕ್ಷಕ ಜಾನ್ ಸ್ಕೋಪ್ಸ್ ವಿಚಾರಣೆಗೆ ಗುರಿಯಾದಾಗ ಕಟಕಟೆಯಲ್ಲಿದ್ದ ಪುಸ್ತಕ ಅದೇ. ಆ ಮೊಕದ್ದಮೆಯನ್ನು ವಿಜ್ಞಾನ ಮತ್ತು ಮತದ ಜಗಳವೆಂದು ಜಗತ್ತು ನೆನಪಿಟ್ಟುಕೊಂಡಿದೆ. ಅದೇ ಪುಸ್ತಕದಲ್ಲಿ ಸುಪ್ರಜನನಶಾಸ್ತ್ರದ ಪುಟಗಳೂ ಇದ್ದವು, ಅವುಗಳನ್ನು ಯಾರೂ ಪ್ರಶ್ನಿಸಲಿಲ್ಲ ಎಂಬುದು ಅಷ್ಟೇ ನೆನಪಿಡಬೇಕಾದ ಸಂಗತಿ. ಪಾಠ ಮಾಡುವ ಶಿಕ್ಷಕರ ಕೈಯಲ್ಲಿ ಅದನ್ನು ಪ್ರಶ್ನಿಸುವ ಸಾಧನವೇ ಇರಲಿಲ್ಲ. ವಿಜ್ಞಾನ ಏನು ಹೇಳುತ್ತದೆ ಎಂದು ಬೇಸಿಗೆ ಶಿಬಿರ ಕಲಿಸಿತ್ತು. ಯಾವ ಪುರಾವೆಯ ಮೇಲೆ, ಯಾರ ಪರವಾಗಿ, ಯಾರ ಮೈಮೇಲೆ ಎಂದು ಕೇಳುವುದನ್ನು ಕಲಿಸಿರಲಿಲ್ಲ.

1935ರಲ್ಲಿ ಕಾರ್ನೆಗಿ ಸಂಸ್ಥೆಯ ಪರಿಶೀಲನಾ ಸಮಿತಿ ಆ ದಾಖಲೆಗಳಿಗೆ ವೈಜ್ಞಾನಿಕ ಬೆಲೆ ಇಲ್ಲವೆಂದಿತು. 1939ರ ಕೊನೆಗೆ ಕಚೇರಿ ಮುಚ್ಚಿತು. ಆರು ವರ್ಷದ ನಂತರ, 1945ರ ಬೇಸಿಗೆಯಲ್ಲಿ, ಅದೇ ಊರಿನಲ್ಲಿ ಬೇರೊಂದು ತರಗತಿ ಶುರುವಾಯಿತು. ಭೌತಶಾಸ್ತ್ರದಿಂದ ಜೀವಶಾಸ್ತ್ರಕ್ಕೆ ಬಂದ ಮ್ಯಾಕ್ಸ್ ಡೆಲ್‌ಬ್ರುಕ್ ಬ್ಯಾಕ್ಟೀರಿಯಾಗಳನ್ನು ತಿನ್ನುವ ಫೇಜ್ ವೈರಸ್ಸುಗಳ ಮೇಲೆ ಪಾಠ ಹೇಳಿದರು. ಸುಮಾರು 25 ಬೇಸಿಗೆ ನಡೆದ ಈ ಫೇಜ್ ಕೋರ್ಸು ಅಣುಜೀವವಿಜ್ಞಾನದ ಒಂದು ಇಡೀ ಪೀಳಿಗೆಯನ್ನು ಬೆಳೆಸಿತು. ಅನುವಂಶೀಯ ವಸ್ತು ಪ್ರೋಟೀನಲ್ಲ, ಡಿಎನ್‌ಎ ಎಂಬುದಕ್ಕೆ ಬಲವಾದ ಸಾಕ್ಷಿ ಕೊಟ್ಟ 1952ರ ಹರ್ಷಿ–ಚೇಸ್ ಪ್ರಯೋಗ ನಡೆದದ್ದೂ ಇಲ್ಲೇ, ಅಡುಗೆಮನೆಯ ಮಿಕ್ಸರಿನಂಥ ಯಂತ್ರದ ಸಹಾಯದಿಂದ. 1953ರ ಜೂನ್‌ನಲ್ಲಿ ಜೇಮ್ಸ್ ವಾಟ್ಸನ್ ಡಿಎನ್‌ಎಯ ಜೋಡಿ ಸುರುಳಿಯನ್ನು ಇಲ್ಲಿನ ವಿಚಾರಗೋಷ್ಠಿಯ ಮುಂದಿಟ್ಟರು. ಆದರೆ ಶಾಲಾ ಶಿಕ್ಷಕರು ಈ ಹೊತ್ತಿಗೆ ಇಲ್ಲಿಂದ ಮರೆಯಾಗಿದ್ದರು. ಬೇಸಿಗೆ ಈಗ ಸಂಶೋಧಕರದ್ದಾಗಿತ್ತು.

ಶಿಕ್ಷಕರ ಬೇಸಿಗೆಯನ್ನು ಸರ್ಕಾರ ತನ್ನ ಕೈಗೆ ತೆಗೆದುಕೊಂಡದ್ದು ಅದೇ ಕಾಲದಲ್ಲಿ. ಅಮೆರಿಕದ ರಾಷ್ಟ್ರೀಯ ವಿಜ್ಞಾನ ಪ್ರತಿಷ್ಠಾನ 1953ರಲ್ಲಿ ಕಾಲೇಜು ಅಧ್ಯಾಪಕರಿಗೆ, 1954ರಲ್ಲಿ ಹೈಸ್ಕೂಲು ಶಿಕ್ಷಕರಿಗೆ ಬೇಸಿಗೆ ಸಂಸ್ಥೆಗಳನ್ನು ಆರಂಭಿಸಿತು. 1957ರ ಅಕ್ಟೋಬರ್ 4ರಂದು ಸ್ಪುಟ್ನಿಕ್ ಹಾರಿದ ಮೇಲೆ ಹಣದ ಹೊಳೆ ಹರಿಯಿತು: 1958ರಲ್ಲಿ 4 ಕೋಟಿ ಡಾಲರ್ ಇದ್ದ ಪ್ರತಿಷ್ಠಾನದ ಅನುದಾನ ಮರುವರ್ಷ 13.4 ಕೋಟಿಗೆ ಏರಿತು. ರಜೆಯಲ್ಲಿ ಕೂಲಿ ಕೆಲಸ ಹುಡುಕುತ್ತಿದ್ದ ಶಿಕ್ಷಕರಿಗೆ ವಾರಕ್ಕಿಷ್ಟು ಎಂದು ಭತ್ಯೆ, ಅವಲಂಬಿತರ ಲೆಕ್ಕದಲ್ಲಿ ಇನ್ನಷ್ಟು ಹಣ ಸಿಗತೊಡಗಿತು. 1958ರಲ್ಲಿ ಹುಟ್ಟಿದ ಬಿಎಸ್‌ಸಿಎಸ್ ಎಂಬ ಪಠ್ಯಕ್ರಮ ಸಂಸ್ಥೆ ನೀಲಿ, ಹಸಿರು, ಹಳದಿ ಎಂದು ಮೂರು ಬಣ್ಣದ ಜೀವಶಾಸ್ತ್ರ ಪುಸ್ತಕಗಳನ್ನು ತಂದಿತು. ಈ ಮಾದರಿ ಭಾರತಕ್ಕೂ ಬಂತು. ವಿಶ್ವವಿದ್ಯಾಲಯ ಅನುದಾನ ಆಯೋಗ, ಎನ್‌ಸಿಇಆರ್‌ಟಿ ಮತ್ತು ಅಮೆರಿಕದ ನೆರವು ಸಂಸ್ಥೆ ಜೊತೆಗೂಡಿ 1963ರಿಂದ ವಿಜ್ಞಾನ ಶಿಕ್ಷಕರಿಗೆ ಬೇಸಿಗೆ ಸಂಸ್ಥೆಗಳನ್ನು ನಡೆಸಿದವು. ಮೈಸೂರಿನ ಪ್ರಾದೇಶಿಕ ಶಿಕ್ಷಣ ಕಾಲೇಜು ಬಾಗಿಲು ತೆರೆದದ್ದೂ ಅದೇ ವರ್ಷ.

ಇವೆಲ್ಲ ವಿಷಯ ಜ್ಞಾನದ ತರಬೇತಿಗಳು. ನೀತಿಯ ಪ್ರಶ್ನೆ ಹೊರಗಿನಿಂದ, ಬೀದಿಯಿಂದ ಬರಬೇಕಾಯಿತು. 1973ರಲ್ಲಿ ಸ್ಟ್ಯಾನ್ಲಿ ಕೋಹೆನ್ ಮತ್ತು ಹರ್ಬರ್ಟ್ ಬಾಯರ್ ಒಂದು ಜೀವಿಯ ಜೀನನ್ನು ಇನ್ನೊಂದಕ್ಕೆ ಸೇರಿಸುವ ವಿಧಾನವನ್ನು ತೋರಿಸಿದರು. ಮರುವರ್ಷ ಪಾಲ್ ಬರ್ಗ್ ಮತ್ತು ಸಂಗಡಿಗರು ಕೆಲವು ಬಗೆಯ ಪ್ರಯೋಗಗಳನ್ನು ಸದ್ಯಕ್ಕೆ ನಿಲ್ಲಿಸೋಣ ಎಂದು ಸಹ ವಿಜ್ಞಾನಿಗಳನ್ನು ಕೇಳಿಕೊಂಡರು. 1975ರ ಫೆಬ್ರುವರಿಯಲ್ಲಿ ಕ್ಯಾಲಿಫೋರ್ನಿಯಾದ ಅಸಿಲೊಮಾರ್‌ನಲ್ಲಿ ಸೇರಿದ ಸಭೆ ಸುರಕ್ಷತೆಯ ಕಟ್ಟುಪಾಡುಗಳನ್ನು ರೂಪಿಸಿತು. ಅಲ್ಲಿಯೂ ಮಾತಾಡಿದವರು ಬಹುತೇಕ ವಿಜ್ಞಾನಿಗಳೇ.

ಜನಸಾಮಾನ್ಯರು ಮಾತಾಡಿದ್ದು 1976ರಲ್ಲಿ, ಹಾರ್ವರ್ಡ್ ಇರುವ ಕೇಂಬ್ರಿಜ್ ಪಟ್ಟಣದಲ್ಲಿ. ಜೀನ್ ಜೋಡಿಸುವ ಪ್ರಯೋಗಗಳಿಗಾಗಿ ವಿಶ್ವವಿದ್ಯಾಲಯ ಹೊಸ ಸುರಕ್ಷಾ ಪ್ರಯೋಗಾಲಯ ಕಟ್ಟಹೊರಟಿದೆ ಎಂದು ತಿಳಿದ ಮೇಯರ್ ಆಲ್ಫ್ರೆಡ್ ವೆಲುಚಿ ನಗರಸಭೆಯಲ್ಲಿ ಬಹಿರಂಗ ವಿಚಾರಣೆ ಕರೆದರು. ಸಭಾಂಗಣ ಕಿಕ್ಕಿರಿದಿತ್ತು. ಇಲ್ಲಿ ಕೂತವರಲ್ಲಿ ಹೆಚ್ಚಿನವರು ಸಾಮಾನ್ಯ ಜನ, ನಿಮ್ಮ ಸಂಕ್ಷಿಪ್ತ ಅಕ್ಷರಗಳ ಭಾಷೆ ನಮಗೆ ತಿಳಿಯದು, ತಿಳಿಯುವ ಹಾಗೆ ಹೇಳಿ ಎಂದು ಮೇಯರ್ ವಿಜ್ಞಾನಿಗಳಿಗೆ ಮೊದಲೇ ತಾಕೀತು ಮಾಡಿದರು. ಪ್ರಯೋಗಗಳಿಗೆ ತಾತ್ಕಾಲಿಕ ತಡೆ ಬಿತ್ತು. ನಗರದ ಸಾಮಾನ್ಯ ನಿವಾಸಿಗಳ ಸಮಿತಿಯೊಂದು ನೇಮಕವಾಯಿತು; ಎಣ್ಣೆ ವ್ಯಾಪಾರಿ ಒಬ್ಬರು ಅದರ ಅಧ್ಯಕ್ಷರು, ದಾದಿಯಾಗಿದ್ದ ಕ್ರೈಸ್ತ ಸನ್ಯಾಸಿನಿ ಒಬ್ಬ ಸದಸ್ಯೆ. ಅವರು ತಿಂಗಳುಗಟ್ಟಲೆ ಕೂತು ಬ್ಯಾಕ್ಟೀರಿಯಾ, ಪ್ಲಾಸ್ಮಿಡ್, ಸೋಂಕು ಇವುಗಳ ಪಾಠ ಕಲಿತರು, ವಿಜ್ಞಾನಿಗಳಿಗೆ ಪ್ರಶ್ನೆ ಹಾಕಿದರು, 1977ರ ಜನವರಿಯಲ್ಲಿ ವರದಿ ಕೊಟ್ಟರು. ಇನ್ನಷ್ಟು ಬಿಗಿ ಷರತ್ತುಗಳೊಂದಿಗೆ ಸಂಶೋಧನೆ ನಡೆಯಲಿ ಎಂಬುದು ಅವರ ನಿರ್ಧಾರ. ಅದನ್ನು ಆಧರಿಸಿ ಫೆಬ್ರುವರಿಯಲ್ಲಿ ನಗರದ ಕಾಯ್ದೆ ಬಂತು. ಕಲಿಯಲು ಸಮಯ ಕೊಟ್ಟರೆ ಎಣ್ಣೆ ಮಾರುವವರೂ ಜೀನುಗಳ ಬಗ್ಗೆ ವಿವೇಕದಿಂದ ತೀರ್ಮಾನಿಸಬಲ್ಲರು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನ ಸಿಗುವುದು ಕಷ್ಟ. ಇಂದು ಅದೇ ಪಟ್ಟಣದ ಕೆಂಡಲ್ ಸ್ಕ್ವೇರ್ ಜೈವಿಕ ತಂತ್ರಜ್ಞಾನ ಕಂಪನಿಗಳಿಂದ ತುಂಬಿಹೋಗಿದೆ.

ವಿಷಾದದ ಸಂಗತಿ ಎಂದರೆ, ಇಂಥ ಪಾಠ ಶಾಲೆಗೆ ಅತ್ಯಂತ ಅಗತ್ಯವಾಗಿದ್ದ ಹೊತ್ತಿಗೇ ಶಿಕ್ಷಕರ ತರಬೇತಿಯ ಹಣ ಬತ್ತಿತ್ತು. 1970ರ ದಶಕದ ಮಧ್ಯದಲ್ಲಿ ಪಠ್ಯಕ್ರಮ ವಿವಾದಗಳಿಂದ ವಿಜ್ಞಾನ ಪ್ರತಿಷ್ಠಾನ ಹಿಂದೆ ಸರಿಯಿತು. 1980ರ ದಶಕದ ಆರಂಭದಲ್ಲಿ ರೇಗನ್ ಸರ್ಕಾರ ಅದರ ಶಿಕ್ಷಣ ವಿಭಾಗವನ್ನು ಹೆಚ್ಚುಕಡಿಮೆ ಖಾಲಿ ಮಾಡಿತು. 1982ರಲ್ಲಿ ಬ್ಯಾಕ್ಟೀರಿಯಾದಿಂದ ತಯಾರಿಸಿದ ಮಾನವ ಇನ್ಸುಲಿನ್ ಔಷಧದ ಅಂಗಡಿಗೆ ಬಂತು. ಅದು ಹೇಗೆ ತಯಾರಾಯಿತು ಎಂದು ಹೇಳಬೇಕಾದ ಶಿಕ್ಷಕರಲ್ಲಿ ಅನೇಕರು ಜೀನ್ ಕತ್ತರಿಸುವ ವಿದ್ಯೆ ಹುಟ್ಟುವ ಮೊದಲೇ ಕಾಲೇಜು ಬಿಟ್ಟವರು.

ಈ ಕಂದರಕ್ಕೆ ಸೇತುವೆ ಕಟ್ಟಿದ್ದು ಮತ್ತೆ ಕೋಲ್ಡ್ ಸ್ಪ್ರಿಂಗ್ ಹಾರ್ಬರ್. ಪ್ರಯೋಗಾಲಯದ ಸಾರ್ವಜನಿಕ ಸಂಪರ್ಕ ನೋಡಿಕೊಳ್ಳುತ್ತಿದ್ದ ಡೇವಿಡ್ ಮಿಕ್ಲೋಸ್ 1985ರಲ್ಲಿ ಲಾಂಗ್ ಐಲೆಂಡಿನ ಶಾಲೆಗಳ ಜೊತೆ ಡಿಎನ್‌ಎ ಪ್ರಯೋಗಗಳ ಕಾರ್ಯಕ್ರಮ ಶುರುಮಾಡಿದರು. ಉಪಕರಣಗಳನ್ನು ತುಂಬಿಕೊಂಡ ವ್ಯಾನೊಂದು ಬೇಸಿಗೆಯಲ್ಲಿ ಊರೂರು ಸುತ್ತಿತು. ಅದರ ಹೆಸರು ‘ವೆಕ್ಟರ್ ಮೊಬೈಲ್’. ಜೀನನ್ನು ಹೊತ್ತೊಯ್ಯುವ ವಾಹಕಕ್ಕೆ ವೆಕ್ಟರ್ ಎನ್ನುತ್ತಾರೆ, ಇದು ವಿದ್ಯೆಯನ್ನು ಹೊತ್ತೊಯ್ಯುವ ವಾಹಕ. 1988ರಲ್ಲಿ ಊರಿನ ಹಳೆಯ ಶಾಲಾ ಕಟ್ಟಡದಲ್ಲಿ ಡಿಎನ್‌ಎ ಕಲಿಕಾ ಕೇಂದ್ರ ತೆರೆಯಿತು. 1890ರಲ್ಲಿ ಬಂದಿದ್ದ ಹಾಗೆಯೇ ಶಿಕ್ಷಕರು ಸುಮಾರು ಒಂದು ಶತಮಾನದ ಬಳಿಕ ಮತ್ತೆ ಊರಿಗೆ ಬಂದರು.

ಅಲ್ಲಿನ ಪಾಠ ಕೈಯಿಂದ ಶುರುವಾಗುತ್ತದೆ. ಮೊದಲು ಮೈಕ್ರೊಪಿಪೆಟ್ ಹಿಡಿಯುವುದು. ಹೆಬ್ಬೆರಳಿನ ಗುಂಡಿಗೆ ಎರಡು ತಡೆಗಳಿವೆ: ದ್ರವವನ್ನು ಎಳೆದುಕೊಳ್ಳಲು ಮೊದಲನೆಯ ತಡೆಯವರೆಗೆ ಒತ್ತಬೇಕು, ಹೊರಗೆ ಬಿಡಲು ಎರಡನೆಯದರವರೆಗೆ. ಹೊಸಬರು ಎಳೆಯುವಾಗಲೇ ಪೂರ್ತಿ ಒತ್ತಿಬಿಡುತ್ತಾರೆ, ಅಳತೆ ಕೆಡುತ್ತದೆ. ಮಿಲಿಲೀಟರಿನ ಸಾವಿರದ ಒಂದು ಪಾಲಿನ ಲೆಕ್ಕದಲ್ಲಿ ಕೆಲಸ ಮಾಡುವಾಗ ಒಂದು ಹನಿಯ ತಪ್ಪೂ ದೊಡ್ಡದು. ಆಮೇಲೆ ಲ್ಯಾಂಬ್ಡಾ ಎಂಬ ಫೇಜ್ ವೈರಸ್ಸಿನ ಡಿಎನ್‌ಎ. ಉದ್ದ 48,502 ಜೋಡಿ ಅಕ್ಷರಗಳು. ಹಿಂಡ್-ಮೂರು ಎಂಬ ಕಿಣ್ವ ಅದನ್ನು ಎಂಟು ತುಂಡು ಮಾಡುತ್ತದೆ. ಕಡಲಕಳೆಯಿಂದ ತೆಗೆದ ಅಗರೋಸನ್ನು ಬಿಸಿ ನೀರಿನಲ್ಲಿ ಕರಗಿಸಿ, ತಟ್ಟೆಯಲ್ಲಿ ಹಾಲುಬಾಯಿಯ ಹಾಗೆ ಹೊಯ್ದು ಆರಲು ಬಿಡುತ್ತಾರೆ. ಒಂದು ಅಂಚಿನಲ್ಲಿ ಸಾಲಾಗಿ ಸಣ್ಣ ಗುಳಿಗಳು. ನೀಲಿ ಬಣ್ಣ ಬೆರೆಸಿದ ಡಿಎನ್‌ಎಯನ್ನು ಆ ಗುಳಿಗಳಿಗೆ ಇಳಿಸುವಾಗ ಕೈ ನಡುಗಿದರೆ ಪಿಪೆಟ್ಟಿನ ತುದಿ ತಳವನ್ನೇ ತೂತು ಮಾಡುತ್ತದೆ. ವಿದ್ಯುತ್ ಹರಿಸಿದಾಗ ಋಣ ಆವೇಶದ ಡಿಎನ್‌ಎ ಧನ ತುದಿಯ ಕಡೆಗೆ ಸಾಗುತ್ತದೆ. ಚಿಕ್ಕ ತುಂಡು ಮುಂದೆ, ದೊಡ್ಡದು ಹಿಂದೆ. ಬಣ್ಣ ಹಾಕಿ ನೋಡಿದಾಗ ಪಟ್ಟಿಗಳು ಎಂಟರ ಬದಲು ಆರೋ ಏಳೋ ಕಾಣುತ್ತವೆ, ಏಕೆಂದರೆ ತೀರಾ ಚಿಕ್ಕವು ಮಸುಕಾಗಿರುತ್ತವೆ ಅಥವಾ ಜೆಲ್ ದಾಟಿ ಹೋಗಿರುತ್ತವೆ. ಇಪ್ಪತ್ತು ವರ್ಷ ಪಾಠ ಹೇಳಿದವರು ಇಲ್ಲಿ ಮತ್ತೆ ವಿದ್ಯಾರ್ಥಿಗಳಾಗುತ್ತಾರೆ. ಪುಸ್ತಕದ ಉತ್ತರಕ್ಕೂ ಕಣ್ಣೆದುರಿನ ಫಲಿತಾಂಶಕ್ಕೂ ನಡುವಿನ ಅಂತರವನ್ನು ವಿವರಿಸಲು ಕಲಿಯುವುದೇ ಈ ತರಬೇತಿಯ ಅತ್ಯಮೂಲ್ಯ ಭಾಗ.

ನೀತಿಯ ಪಾಠ ಬೆಂಚಿಗೆ ಬಂದದ್ದು, ಮನುಷ್ಯನ ಡಿಎನ್‌ಎಯನ್ನೆಲ್ಲ ಓದಹೊರಟ ಮಾನವ ಜೀನೋಮ್ ಯೋಜನೆಯ ಜೊತೆ. ‘ಬಯೋಎಥಿಕ್ಸ್’ ಎಂಬ ಪದವನ್ನು ವಿಸ್ಕಾನ್ಸಿನ್ನಿನ ಕ್ಯಾನ್ಸರ್ ಸಂಶೋಧಕ ವ್ಯಾನ್ ರೆನ್ಸೆಲರ್ ಪಾಟರ್ 1970ರ ಹೊತ್ತಿಗೆ ಬಳಕೆಗೆ ತಂದಿದ್ದರು. ಹೇಸ್ಟಿಂಗ್ಸ್ ಸೆಂಟರ್, ಜಾರ್ಜ್‌ಟೌನ್‌ನ ಕೆನಡಿ ಸಂಸ್ಥೆ ಅದೇ ಸುಮಾರಿಗೆ ಹುಟ್ಟಿದ್ದವು. ಆದರೆ ಆ ಚರ್ಚೆ ಆಸ್ಪತ್ರೆ, ವಿಶ್ವವಿದ್ಯಾಲಯಗಳ ಒಳಗಿತ್ತು. 1988ರಲ್ಲಿ ಯೋಜನೆಯ ಹೊಣೆ ಹೊತ್ತ ವಾಟ್ಸನ್, ಹಣದಲ್ಲಿ ಒಂದು ಪಾಲು ನೈತಿಕ, ಕಾನೂನು ಮತ್ತು ಸಾಮಾಜಿಕ ಪ್ರಶ್ನೆಗಳಿಗೆ ಮೀಸಲು ಎಂದು ಘೋಷಿಸಿದರು. ಮೊದಲು ಶೇ 3, ಆಮೇಲೆ ಶೇ 5 ಆದ ಆ ಪಾಲಿನಿಂದ ಶಾಲೆಗಳಿಗೂ ಹಣ ಬಂತು. 1992ರಲ್ಲಿ ಬಿಎಸ್‌ಸಿಎಸ್ ಜೀನೋಮ್ ವಿಜ್ಞಾನವನ್ನೂ ಅದರ ನೀತಿ ಪ್ರಶ್ನೆಗಳನ್ನೂ ಒಟ್ಟಿಗೆ ಕಲಿಸುವ ಪಾಠಗಳನ್ನು ಹೈಸ್ಕೂಲು ಶಿಕ್ಷಕರಿಗಾಗಿ ಪ್ರಕಟಿಸಿತು.

ವಿಜ್ಞಾನ ಶಿಕ್ಷಕರಿಗೆ ಇದು ಪಿಪೆಟ್ಟಿಗಿಂತ ಕಷ್ಟದ ಕಲಿಕೆ. ಸರಿ ಉತ್ತರ ಒಂದೇ ಎಂಬ ಅಭ್ಯಾಸ ಅವರದು. ಹಂಟಿಂಗ್ಟನ್ ಕಾಯಿಲೆಯ ಉದಾಹರಣೆಯನ್ನು ತರಬೇತಿಗಳು ಮತ್ತೆ ಮತ್ತೆ ಎತ್ತಿಕೊಂಡವು. ನಡುವಯಸ್ಸಿನಲ್ಲಿ ಕಾಣಿಸಿಕೊಳ್ಳುವ, ವಾಸಿಯಾಗದ ಈ ನರರೋಗದ ಜೀನು 1993ರಲ್ಲಿ ಪತ್ತೆಯಾಯಿತು. ತಾತನಿಗೆ ರೋಗವಿತ್ತು, ಮೊಮ್ಮಗಳು ಪರೀಕ್ಷೆ ಮಾಡಿಸಿಕೊಳ್ಳಬೇಕು ಎನ್ನುತ್ತಾಳೆ, ತಾತನ ಮಗಳಾದ ತಾಯಿ ತನ್ನ ಭವಿಷ್ಯ ತನಗೆ ತಿಳಿಯುವುದೇ ಬೇಡ ಎನ್ನುತ್ತಾಳೆ. ಮಗಳಲ್ಲಿ ಆ ಜೀನು ಸಿಕ್ಕರೆ ಅದು ತಾಯಿಯಿಂದಲೇ ಬಂದದ್ದು ಎಂದಾಯಿತು. ಒಬ್ಬಳ ತಿಳಿಯುವ ಹಕ್ಕು ಇನ್ನೊಬ್ಬಳ ತಿಳಿಯದಿರುವ ಹಕ್ಕನ್ನು ಕಸಿಯುತ್ತದೆ. ಅನುವಂಶೀಯತೆಯ ನಿಯಮ ಗೊತ್ತಿಲ್ಲದವರಿಗೆ ಇಲ್ಲಿ ಸಮಸ್ಯೆಯೇ ಕಾಣುವುದಿಲ್ಲ, ನಿಯಮ ಮಾತ್ರ ಗೊತ್ತಿದ್ದವರಿಗೆ ಮುಂದಿನ ದಾರಿ ಕಾಣುವುದಿಲ್ಲ. ಯಾರು ಯಾರು ಬಾಧಿತರು, ಯಾವುದು ಸತ್ಯಸಂಗತಿ, ಯಾವುದು ಮೌಲ್ಯ ಎಂದು ಬಿಡಿಸಿ, ಪ್ರತಿ ನಿಲುವಿಗೂ ಕಾರಣ ಕೇಳುವ ಶಿಸ್ತನ್ನು ಶಿಕ್ಷಕರು ಮೊದಲು ತಾವು ಅಭ್ಯಾಸ ಮಾಡಬೇಕಾಯಿತು.

ಪ್ರಯೋಗದ ವಿನ್ಯಾಸದೊಳಕ್ಕೇ ಈ ವಿವೇಕ ಇಳಿಯಿತು. ವಿದ್ಯಾರ್ಥಿಗಳು ತಮ್ಮದೇ ಡಿಎನ್‌ಎಯನ್ನು ಪಿಸಿಆರ್ ಎಂಬ, ತುಣುಕನ್ನು ಹಲವು ಪಟ್ಟು ಪ್ರತಿಮಾಡುವ ವಿಧಾನದಿಂದ ನೋಡುವ ಪ್ರಯೋಗವನ್ನು ಕಲಿಕಾ ಕೇಂದ್ರ ರೂಪಿಸಿದಾಗ, ಹದಿನಾರನೆಯ ವರ್ಣತಂತುವಿನಲ್ಲಿ ಸುಮಾರು 300 ಅಕ್ಷರಗಳ ಅಲು ಎಂಬ ತುಣುಕು ಇದೆಯೇ ಇಲ್ಲವೇ ಎಂಬುದನ್ನು ಆರಿಸಿಕೊಂಡಿತು. ಉಪ್ಪುನೀರಿನಲ್ಲಿ ಬಾಯಿ ಮುಕ್ಕಳಿಸಿದರೆ ಕೆನ್ನೆಯ ಜೀವಕೋಶಗಳು ಸಿಗುತ್ತವೆ, ಸೂಜಿ ಬೇಡ. ಆ ತುಣುಕು ಇದ್ದರೂ ಇಲ್ಲದಿದ್ದರೂ ಯಾವ ರೋಗದ ಸುಳಿವೂ ಸಿಗುವುದಿಲ್ಲ, ಆದ್ದರಿಂದಲೇ ಅದು ತರಗತಿಗೆ ಒಗ್ಗುತ್ತದೆ. ಇಡೀ ಕುಟುಂಬದ ಮಾದರಿಗಳನ್ನು ಒಟ್ಟಿಗೆ ನೋಡುವುದು ಸಲ್ಲದು, ಮನೆಯವರೇ ಎತ್ತದ ಪ್ರಶ್ನೆ ಜೆಲ್ಲಿನ ಮೇಲೆ ಏಳಬಹುದು.

ಕೇಂಬ್ರಿಜ್‌ನ ವಿಚಾರಣೆಯನ್ನು ನೆನಪಿಸುವ ಸಂದರ್ಭ ಕರ್ನಾಟಕಕ್ಕೂ ಬಂತು. 1998ರಲ್ಲಿ ರಾಯಚೂರು ಜಿಲ್ಲೆಯಲ್ಲಿ ಜೀನ್ ಮಾರ್ಪಡಿಸಿದ ಬಿಟಿ ಹತ್ತಿಯ ಪ್ರಾಯೋಗಿಕ ಬೆಳೆಯನ್ನು ಪ್ರೊ. ಎಂ.ಡಿ. ನಂಜುಂಡಸ್ವಾಮಿಯವರ ರೈತ ಸಂಘ ಸುಟ್ಟುಹಾಕಿತು. ಬಿಟಿ ಬದನೆ ಬೇಕೇ ಬೇಡವೇ ಎಂದು ಆಗಿನ ಕೇಂದ್ರ ಸಚಿವ ಜೈರಾಂ ರಮೇಶ್ ಏಳು ನಗರಗಳಲ್ಲಿ ನಡೆಸಿದ ಬಹಿರಂಗ ಸಮಾಲೋಚನೆಯ ಕೊನೆಯ ಸಭೆ 2010ರ ಫೆಬ್ರುವರಿ 6ರಂದು ಬೆಂಗಳೂರಿನಲ್ಲಿ ನಡೆಯಿತು. ಮೂರು ದಿನಗಳ ನಂತರ ಬಿಟಿ ಬದನೆಗೆ ತಡೆ ಬಿತ್ತು. ಇತ್ತ ಶಿಕ್ಷಕರ ತರಬೇತಿಯೂ ಇಲ್ಲಿ ಬೇರೂರಿದೆ: ಚಳ್ಳಕೆರೆ ತಾಲ್ಲೂಕಿನ ಕುದಾಪುರದಲ್ಲಿ ಭಾರತೀಯ ವಿಜ್ಞಾನ ಸಂಸ್ಥೆ ಹೈಸ್ಕೂಲು ಮತ್ತು ಪಿಯು ಶಿಕ್ಷಕರನ್ನು ವಸತಿ ಸಮೇತ ಕರೆಸಿ ಪ್ರಯೋಗಗಳನ್ನು ಕೈಯಾರೆ ಮಾಡಿಸುತ್ತಿದೆ. ಬೀಜ, ಜೀನು, ಹಕ್ಕು ಇವುಗಳ ವಾದ ಹಳ್ಳಿಯ ಕಟ್ಟೆಯವರೆಗೂ ಬಂದ ನಾಡಿನಲ್ಲಿ ಇಂಥ ಬೆಂಚುಗಳ ಪಕ್ಕ ನೀತಿಯ ಚರ್ಚೆಗೂ ಜಾಗ ಇರಬೇಕಾದದ್ದು ನ್ಯಾಯ.

ಕೋಲ್ಡ್ ಸ್ಪ್ರಿಂಗ್ ಹಾರ್ಬರ್ ತನ್ನ ಹಳೆಯ ದಾಖಲೆಗಳನ್ನು ಬಚ್ಚಿಡಲಿಲ್ಲ. ಕಲಿಕಾ ಕೇಂದ್ರ 2000ದಲ್ಲಿ ಸುಪ್ರಜನನ ಚಳವಳಿಯ ಚಿತ್ರಸಂಗ್ರಹವನ್ನು ಎಲ್ಲರಿಗೂ ತೆರೆಯಿತು: ವಂಶಾವಳಿ ಪಟಗಳು, ಪತ್ರಗಳು, ಛಾಯಾಚಿತ್ರಗಳು. 2019ರ ಜನವರಿಯಲ್ಲಿ, ಜನಾಂಗ ಮತ್ತು ಬುದ್ಧಿಮತ್ತೆಯ ಬಗ್ಗೆ ವಾಟ್ಸನ್ ಮತ್ತೆ ಆಡಿದ ಮಾತುಗಳಿಗಾಗಿ ಪ್ರಯೋಗಾಲಯ ತಾನು ಅವರಿಗೆ ಕೊಟ್ಟಿದ್ದ ಗೌರವ ಪದನಾಮಗಳನ್ನು ಹಿಂತೆಗೆದುಕೊಂಡಿತು. ಒಂದು ಕಾಲದಲ್ಲಿ ಇಲ್ಲಿ ತರಬೇತಿ ಪಡೆದ ಯುವತಿಯರು ತುಂಬಿ ತಂದ ಚೌಕಗಳೂ ವೃತ್ತಗಳೂ ಈಗ ಪಾಠದ ಸಾಮಗ್ರಿ. ಶಿಕ್ಷಕರು ಅಂಥದೊಂದು ಪಟವನ್ನು ಮಕ್ಕಳ ಮುಂದಿಟ್ಟು, ‘ಎಫ್’ ಎಂದು ಬರೆದಿರುವ ಒಂದು ವೃತ್ತದ ಮೇಲೆ ಬೆರಳಿಟ್ಟು, ಇದನ್ನು ಬರೆದವರಿಗೆ ಈ ಹೆಂಗಸಿನ ವಿಷಯ ಹೇಗೆ ಗೊತ್ತಾಯಿತು ಎಂದು ಕೇಳಬಹುದು.